ಹೊಸ ಸಿಸ್ಟರ್‌ಗೆ ಹಳೇ ಸಿಸ್ಟರ್‌ನ ಮಾತು

ಮಗಳೇ,

ನಿನ್ನಮ್ಮ ಮೊನ್ನೆ ಎಂ.ಜಿ. ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು. ಸೊಪ್ಪಿನ ಕಟ್ಟು ಕೈಯಲ್ಲಿ ಹಿಡಿದೇ ಹೇಳಿಕೊಂಡಳು: ಡ್ಯೂಟಿ ಮುಗಿಸಿ ಬಂದವಳು ಬ್ಯಾಗು ಎಸೆದು ಗೋಡೆ ಕಡೆ ತಿರುಗಿ ಮಲಗುತ್ತಾಳೆ, ಊಟಕ್ಕೆ ಎಬ್ಬಿಸಿದರೆ ಸಿಡಿಮಿಡಿ, ಕೆಲಸ ಸಿಕ್ಕ ಸಂತೋಷ ನಾಲ್ಕು ದಿನವೂ ನಿಲ್ಲಲಿಲ್ಲ ಅಂತ. ದೃಷ್ಟಿ ತೆಗೆಯಲಾ ಎಂದು ಕೇಳಿದಳು. ತೆಗೆಯಲಿ ಬಿಡು, ನಾಲ್ಕು ಮೆಣಸಿನಕಾಯಿ, ಒಂದು ಹಿಡಿ ಉಪ್ಪಿನ ಖರ್ಚು. ಅವಳ ಸಮಾಧಾನಕ್ಕೆ ಅದೂ ಬೇಕು. ಆದರೆ ಅವಳು ಹೇಳಿದ ಲಕ್ಷಣ ಕೇಳಿ ನನಗೆ ಬೇರೆಯೇ ಅನುಮಾನ ಬಂತು. ಎದುರು ಕೂರಿಸಿಕೊಂಡು ಮಾತಾಡೋಣವೆಂದರೆ ನಿನ್ನ ಆಫ್ ಯಾವತ್ತು ಅನ್ನುವುದು ನಿನಗೇ ಗೊತ್ತಿರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ರೈಲಿನಲ್ಲಿ ಸೀಟು ಸಿಕ್ಕ ದಿನ ಓದಿಕೋ.

ಸುಸ್ತು ಬೇರೆ, ಬರ್ನ್‌ಔಟ್ ಬೇರೆ. ಸುಸ್ತು ನಿದ್ದೆಗೆ ಇಳಿಯುತ್ತದೆ. ಒಂದು ಆಫ್ ಸಿಕ್ಕಿ, ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಮುದ್ದೆ ಬಸ್ಸಾರು ಉಂಡು ಮಲಗಿದರೆ ಮರುದಿನ ಕಾಲು ತಾನಾಗಿ ಸ್ಟೇಷನ್ ದಾರಿ ಹಿಡಿಯುತ್ತದೆ. ಬರ್ನ್‌ಔಟ್ ಆದವಳು ಎರಡು ದಿನ ಮಲಗಿ ಎದ್ದರೂ ಮೈ ಅಷ್ಟೇ ಭಾರ. ರೈಲು ಕೆ.ಆರ್. ಪುರ ದಾಟುವ ಹೊತ್ತಿಗೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಸಿಗ್ನಲ್ ಬೀಳದೆ ರೈಲು ಇಲ್ಲೇ ನಿಂತುಬಿಡಲಿ ಅನ್ನಿಸುತ್ತದೆ. ಇದು ಮೊದಲನೆಯ ಗುರುತು.

ಎರಡನೆಯದನ್ನು ನಾವು ಯಾರಿಗೂ ಹೇಳುವುದಿಲ್ಲ, ನಾಚಿಕೆ. ರೋಗಿಯ ಮೇಲಿನ ಅಕ್ಕರೆ ಬತ್ತುವುದು. ಟ್ರೈನಿಂಗಿನಲ್ಲಿ ಅಜ್ಜಿಯ ಕೈ ಹಿಡಿದು ಕೂತಿದ್ದವಳಿಗೆ ಈಗ ಅವಳು ಬರೀ ಹನ್ನೆರಡನೇ ಬೆಡ್. ಅವಳು ಬೆಲ್ ಒತ್ತಿದರೆ "ನಾಟಕ ಆಡುತ್ತಾಳೆ" ಅನ್ನಿಸುತ್ತದೆ. ರೋಗಿಯ ಕಡೆಯ ಅಟೆಂಡರ್ ಏನಾದರೂ ಕೇಳಿದರೆ ತಲೆ ಎತ್ತದೆ ಉತ್ತರ ಹೋಗುತ್ತದೆ. ಮೂರನೆಯದು, ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅನ್ನುವ ಭಾವ. ಡ್ರಿಪ್ ನಿಲ್ಲಿಸಿದೆನೋ ಇಲ್ಲವೋ ಎಂದು ಮನೆಗೆ ಬಂದ ಮೇಲೂ ವಾರ್ಡಿಗೆ ಫೋನ್ ಮಾಡುವುದು, ಸರಿಯಾಗಿ ಹಾಕಿದ ಕ್ಯಾನುಲಾವನ್ನೇ ನಾಲ್ಕು ಸಲ ಹೋಗಿ ನೋಡುವುದು, ಕ್ಲಾಸಿನಲ್ಲಿ ಚೆನ್ನಾಗಿ ಓದಿದವಳೇ "ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ" ಅನ್ನುವುದು. ಈ ಮೂರರಲ್ಲಿ ಯಾವುದೋ ಒಂದು, ಯಾವತ್ತೋ ಒಂದು ದಿನ ಬಂದರೆ ಗಾಬರಿ ಬೇಡ, ಎಲ್ಲರಿಗೂ ಬರುತ್ತದೆ. ಮೂರೂ ಸೇರಿ ವಾರಗಟ್ಟಲೆ ಕೂತರೆ ಆಗ ನಿಂತು ನೋಡಬೇಕು.

ಇದು ನನ್ನ ಮನೆಮದ್ದಿನ ಲೆಕ್ಕವಲ್ಲ. 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ, ಬಡವರ ಉಚಿತ ಕ್ಲಿನಿಕ್ಕಿನಲ್ಲಿ ದುಡಿಯುತ್ತಿದ್ದವರು ಹೀಗೆ ಬತ್ತಿಹೋಗುವುದನ್ನು ಕಂಡು ಬರೆದ. ಅದೇ ವರ್ಷ ಮಾರ್ಲಿನ್ ಕ್ರಾಮರ್ ಎಂಬ ನರ್ಸ್, ಹೊಸ ನರ್ಸುಗಳು ಕೆಲಸ ಬಿಟ್ಟು ಯಾಕೆ ಓಡುತ್ತಾರೆ ಎಂದು ಒಂದು ಪುಸ್ತಕವನ್ನೇ ಬರೆದಳು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಇದನ್ನು ಅಳೆಯಲು 22 ಪ್ರಶ್ನೆಗಳ ಪಟ್ಟಿ ಮಾಡಿದರು. ಮೇಲೆ ಹೇಳಿದ ಮೂರು ಗುರುತು ಅಲ್ಲಿಂದ ಬಂದವು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಯಲ್ಲಿ ಇದಕ್ಕೆ ಜಾಗ ಕೊಟ್ಟಿತು. ಹೇಗೆ ಕೊಟ್ಟಿತು ಅನ್ನುವುದನ್ನು ಗಮನಿಸು: ಕಾಯಿಲೆ ಎಂದಲ್ಲ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು. ಕೆಲಸದ ಜಾಗದಲ್ಲಿ ಬಹುಕಾಲ ನಡೆದ, ಯಾರೂ ಸರಿಪಡಿಸದೆ ಬಿಟ್ಟ ಒತ್ತಡದ ಫಲ ಅದು. ನಿನ್ನ ಜಾತಕದ್ದಲ್ಲ, ನಿನ್ನ ಸ್ವಭಾವದ್ದೂ ಅಲ್ಲ.

ಚಿನ್ನದ ಗಣಿಯ ಈ ಊರಿನವಳಾಗಿ ನಿನಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಬೇರೆಯವರಿಗಿಂತ ಸುಲಭ. ನಾನು ಕೆಲಸ ಕಲಿತದ್ದು ಚಾಂಪಿಯನ್ ರೀಫ್‌ನ ಗಣಿ ಆಸ್ಪತ್ರೆಯಲ್ಲಿ. ಆಗಿನ್ನೂ ಗಣಿ ನಡೆಯುತ್ತಿತ್ತು. 2001ರ ಫೆಬ್ರವರಿ 28ಕ್ಕೆ ಅದು ಮುಚ್ಚಿದ ಮೇಲೆ ಹುಟ್ಟಿದವಳು ನೀನು, ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳನ್ನು ಬಿಟ್ಟರೆ ಬೇರೇನೂ ನೋಡಿಲ್ಲ. ನಮ್ಮ ವಾರ್ಡಿನಲ್ಲಿ ಸಿಲಿಕೋಸಿಸ್ ರೋಗಿಗಳಿಗೆ ಎರಡು ದಿಂಬು ಸಾಲುತ್ತಿರಲಿಲ್ಲ, ಕೂತೇ ನಿದ್ದೆ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಕಟ್ಟುತ್ತದೆ. ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಶಿಫ್ಟು ಮುಗಿಸಿ, ಸಿನಿಮಾ ನೋಡಿ, ಆರಾಮಾಗಿ ಇರುತ್ತಾರೆ. ವರ್ಷಗಳಾದ ಮೇಲೆ ಮೆಟ್ಟಿಲು ಹತ್ತಲು ಹೋದಾಗ ಉಸಿರು ಸಿಕ್ಕಿಕೊಳ್ಳುತ್ತದೆ. 1940ರ ದಶಕದಲ್ಲಿ ವೈದ್ಯರು ಇಲ್ಲಿನ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರಲ್ಲಿ ಅದು ಕಂಡುಬಂತು. ಆ ಲೆಕ್ಕ ಎದುರಿಗೆ ಬಂದ ಮೇಲೆ "ಇವನ ಎದೆಯೇ ಬಲಹೀನ" ಎಂದು ಯಾರೂ ಹೇಳುವ ಹಾಗಿರಲಿಲ್ಲ. ಧೂಳಿನ ಬಗ್ಗೆಯೇ ಮಾತಾಡಬೇಕಾಯಿತು: ನೀರು ಹಾಯಿಸಿ ಕೊರೆಯುವುದು, ಒಳಗೆ ಗಾಳಿ ಆಡಿಸುವುದು, ಕಾಲಕಾಲಕ್ಕೆ ಎಕ್ಸ್-ರೇ, ಪರಿಹಾರ.

ನಮ್ಮ ಕೆಲಸದ ಧೂಳೂ ಹಾಗೆಯೇ ಕೂರುತ್ತದೆ. ಒಂದೇ ವ್ಯತ್ಯಾಸ, ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ಇದು ಹೊತ್ತಿಗೆ ಕಂಡುಕೊಂಡರೆ ಇಳಿಯುತ್ತದೆ. ಕಂಡುಕೊಳ್ಳುವವರು ಮಾತ್ರ ನಾವೇ ಆಗಬೇಕು, ಇದಕ್ಕೆ ಎಕ್ಸ್-ರೇ ಇಲ್ಲ.

ಮೊದಲ ವರ್ಷವೇ ಯಾಕೆ ಇಷ್ಟು ಕಷ್ಟ ಗೊತ್ತೇ? ಕಾಲೇಜಿನಲ್ಲಿ ನಿನಗೆ ಒಬ್ಬ ರೋಗಿ ಕೊಟ್ಟರು. ಕೇರ್ ಪ್ಲಾನ್ ಬರೆದೆ, ಬೆಡ್ ಬಾತ್ ಕೊಟ್ಟೆ, ಬೆನ್ನಿಗೆ ಪೌಡರ್ ಹಚ್ಚಿದೆ, ಟೀಚರ್ ನೋಡಿ ಮಾರ್ಕ್ಸ್ ಕೊಟ್ಟರು. ಈಗ ನೈಟ್‌ನಲ್ಲಿ ಇಡೀ ವಾರ್ಡು, ಜೊತೆಗೆ ಒಬ್ಬಳು ಆಯಾ. ಅಲ್ಲಿ ಕಲಿಸಿದ ರೀತಿಯಲ್ಲಿ ಮಾಡಲು ಹೊತ್ತಿಲ್ಲ, ಹೊತ್ತಿಗೆ ತಕ್ಕ ಹಾಗೆ ಮಾಡಿದರೆ ಮನಸ್ಸು ಒಪ್ಪುವುದಿಲ್ಲ. ಹೊಸ ನರ್ಸುಗಳನ್ನು ಓಡಿಸುತ್ತದೆ ಎಂದು ಕ್ರಾಮರ್ ಹೇಳಿದ ಆಘಾತ ಇದೇ. ಇದರಲ್ಲಿ ಕೆಟ್ಟ ನರ್ಸಿಗಿಂತ ಒಳ್ಳೆಯ ನರ್ಸ್ ಬೇಗ ಬೇಯುತ್ತಾಳೆ. ಏನೂ ಅನ್ನಿಸದವಳಿಗೆ ಏನು ನೋವು?

ಇದಕ್ಕೆ ನಾನು ಕಂಡ ಮದ್ದು ಕೈಕೆಲಸ ಗಟ್ಟಿಮಾಡಿಕೊಳ್ಳುವುದು. ಅರ್ಧ ಭಯ ಗೊತ್ತಿಲ್ಲದ್ದರ ಭಯ. ನಿನ್ನ ವಾರ್ಡಿನಲ್ಲಿ ದಿನಾ ಬರುವ ಔಷಧಿಗಳು ಹೆಚ್ಚೆಂದರೆ ಮೂವತ್ತೋ ನಲವತ್ತೋ ಇರುತ್ತವೆ. ಅವನ್ನು ಜೇಬಿನ ಪುಸ್ತಕದಲ್ಲಿ ಬರೆದುಕೊಂಡು ರೈಲಿನಲ್ಲಿ ಕಲಿ. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್, ಈ ಮೂರನ್ನು ಇನ್ನೊಬ್ಬರ ಕಣ್ಣಿಗೆ ತೋರಿಸದೆ ಕೊಡಬೇಡ, ಅವರು ಎಷ್ಟೇ ಬೈಯಲಿ. ಫೋನಿನಲ್ಲಿ ಡಾಕ್ಟರ್ ಆರ್ಡರ್ ಹೇಳಿದರೆ ನೀನು ಕೇಳಿಸಿಕೊಂಡದ್ದನ್ನು ಅವರಿಗೇ ತಿರುಗಿ ಓದಿ ಹೇಳು. ಹ್ಯಾಂಡೋವರ್ ಬಾಯಿಮಾತಿನಲ್ಲಿ ಮುಗಿಸಬೇಡ, ಬೆಡ್ಡಿನ ಹತ್ತಿರ ನಿಂತು ಕೊಡು, ನಿಂತು ತಗೋ. ಆಮೇಲೆ ಮನೆಯಲ್ಲಿ ಡ್ರಿಪ್ ಕಣ್ಣ ಮುಂದೆ ಬರುವುದು ತಾನಾಗಿ ಕಡಿಮೆಯಾಗುತ್ತದೆ. ಏನಾದರೂ ಹೆಚ್ಚುಕಡಿಮೆ ಆದರೆ ಮುಚ್ಚಿಡಬೇಡ, ಇನ್ಸಿಡೆಂಟ್ ರಿಪೋರ್ಟ್ ಬರೆ. ಮುಚ್ಚಿಟ್ಟದ್ದು ರೋಗಿಗಿಂತ ಹೆಚ್ಚು ದಿನ ನಿನ್ನನ್ನು ಕಾಡುತ್ತದೆ.

ಸೀನಿಯರ್‌ಗಳ ವಿಷಯ. ವಾರ್ಡಿನ ಮಧ್ಯೆ, ರೋಗಿಗಳ ಎದುರು, "ಏನು ಓದಿ ಬಂದೆ ನೀನು" ಎಂದು ಕೂಗುವವರು ಇರುತ್ತಾರೆ. "ನಾವೂ ಹೀಗೇ ಕಲಿತವರು" ಅನ್ನುವುದು ಅವರ ಸಮರ್ಥನೆ. ಸುಳ್ಳು ಅದು. ನಾವೂ ಹಾಗೆ ಬೈಸಿಕೊಂಡೆವು, ನಿಜ. ಅದರಿಂದ ಕಲಿತೆವು ಅನ್ನುವುದು ನಿಜವಲ್ಲ. ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸಿದವರಿಂದ ಕಲಿತೆವು. ಪ್ರತಿ ವಾರ್ಡಿನಲ್ಲೂ ಅಂಥ ಒಬ್ಬರು ಇರುತ್ತಾರೆ, ಸಾಮಾನ್ಯವಾಗಿ ಅವರು ಇನ್‌ಚಾರ್ಜ್ ಆಗಿರುವುದಿಲ್ಲ. ಅವರನ್ನು ಹುಡುಕಿಕೋ, ಟಿಫನ್ ಅವರ ಜೊತೆ ತಿನ್ನು. ಬೈಯುವವರಲ್ಲೂ ಅರ್ಧ ಜನ ಹಳೇ ಬರ್ನ್‌ಔಟ್ ಕೇಸುಗಳು. ಯಾರೂ ಹೊತ್ತಿಗೆ ಕೇಳದೆ ಹಾಗೇ ಗಟ್ಟಿಯಾದವರು.

ಈಗ ರೈಲು. ಗಣಿ ಮುಚ್ಚಿದ ಮೇಲೆ ಈ ಊರು ಉಳಿದದ್ದೇ ಮಾರಿಕುಪ್ಪಂನಿಂದ ಹೊರಡುವ ಬೆಂಗಳೂರು ರೈಲುಗಳ ಮೇಲೆ. ಕತ್ತಲಲ್ಲೇ ಡಬ್ಬಿ ಕಟ್ಟಿಕೊಂಡು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರದಲ್ಲಿ ಹತ್ತಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನ ತುಂಬಿ, ಮಾಲೂರು, ವೈಟ್‌ಫೀಲ್ಡ್ ದಾಟಿ ಹೋಗುವವರು ಸಾವಿರಾರು. ನಾನೂ ಗಣಿ ಆಸ್ಪತ್ರೆಯ ಕಾಲ ಮುಗಿದ ಮೇಲೆ ಅದೇ ರೈಲಿನಲ್ಲಿ ಹೋಗಿ ಬಂದವಳು, ಆ ಬಾಗಿಲ ಹತ್ತಿರದ ಜಾಗಕ್ಕೆ ನಡೆಯುವ ಜಗಳವನ್ನೂ ಬಲ್ಲೆ. ಆದರೆ ಲೆಕ್ಕ ಹಾಕು. ಎಂಟು ಗಂಟೆ ಡ್ಯೂಟಿ. ಹ್ಯಾಂಡೋವರ್ ಮುಗಿಯುವಾಗ ಒಂಬತ್ತು. ಹೋಗುವುದಕ್ಕೆ, ಬರುವುದಕ್ಕೆ, ಸ್ಟೇಷನ್ನಿಂದ ಆಸ್ಪತ್ರೆಗೆ ಬಸ್ಸಿಗೆ ಸೇರಿಸಿ ಇನ್ನು ಐದಾರು ಗಂಟೆ. ಉಳಿದ ಹೊತ್ತಿನಲ್ಲಿ ಊಟ, ಸ್ನಾನ, ಬಟ್ಟೆ, ನಿದ್ದೆ ಎಲ್ಲ. ನೀನು ಆರು ಗಂಟೆಗೂ ಕಡಿಮೆ ಮಲಗುತ್ತಿದ್ದೀಯ. ಇದಕ್ಕೆ ಯಾವ ಮನೋಬಲವೂ ಔಷಧಿಯಲ್ಲ.

ಆದ್ದರಿಂದ ಮೊದಲ ಒಂದು ವರ್ಷವಾದರೂ ಹಾಸ್ಟೆಲ್ ಕೊಡುತ್ತಾರಾ ಕೇಳು. ಇಲ್ಲವೆಂದರೆ ನಿನ್ನ ಬ್ಯಾಚಿನ ಮೂವರು ಸೇರಿ ಕೆ.ಆರ್. ಪುರದ ಕಡೆ ಒಂದು ರೂಮು ಮಾಡಿ, ನೈಟ್ ಡ್ಯೂಟಿ ಬಿದ್ದ ವಾರ ಅಲ್ಲೇ ಉಳಿಯಿರಿ. ಬಾಡಿಗೆ ಹೋಗುತ್ತದೆ ಎಂದು ನಿನ್ನಪ್ಪ ಗೊಣಗಬಹುದು. ಅವನಿಗೆ ನಾನು ಹೇಳುತ್ತೇನೆ. ಇನ್ನೊಂದು ದಾರಿ, ಹತ್ತಿರದ ಕೆಲಸ. ಕೋಲಾರದಲ್ಲಿ ಟಮಕದ ಜಾಲಪ್ಪ ಆಸ್ಪತ್ರೆ ಇದೆ, 1910ರ ಸುಮಾರಿಗೆ ಶುರುವಾದ ಇ.ಟಿ.ಸಿ.ಎಂ. ಮಿಷನ್ ಆಸ್ಪತ್ರೆ ಇದೆ, ನಮ್ಮಲ್ಲೇ ಸರ್ಕಾರಿ ಆಸ್ಪತ್ರೆ ಇದೆ. ಸಂಬಳ ಸ್ವಲ್ಪ ಕಡಿಮೆ ಸಿಕ್ಕರೂ ದಿನಕ್ಕೆ ನಾಲ್ಕು ಗಂಟೆ ಉಳಿಯುವುದಾದರೆ ಅದನ್ನೂ ಸಂಬಳದ ಲೆಕ್ಕಕ್ಕೆ ಸೇರಿಸಬೇಕು. "ಬೆಂಗಳೂರಿನ ದೊಡ್ಡ ಆಸ್ಪತ್ರೆ" ಎಂದು ನೆಂಟರಿಗೆ ಹೇಳಿಕೊಳ್ಳುವ ಸುಖ ನೆಂಟರಿಗೇ ಇರಲಿ.

ನೈಟ್ ಡ್ಯೂಟಿಗೆ ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಹೋಗು. ರಾತ್ರಿ ಎರಡರ ಮೇಲೆ ಕಾಫಿ, ಟೀ ಬೇಡ. ಬೆಳಿಗ್ಗೆ ಬಂದವಳು ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿ, ಫೋನ್ ಇನ್ನೊಂದು ಕೋಣೆಯಲ್ಲಿಟ್ಟು ಮಲಗು. ನಮ್ಮ ಲೈನ್ ಮನೆಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ ಅಂತ ಗೊತ್ತು, ಪಕ್ಕದ ಮನೆ ಟಿ.ವಿ. ನಮ್ಮ ಮನೆಯಲ್ಲೇ ಇದ್ದ ಹಾಗೆ ಕೇಳಿಸುತ್ತದೆ. ನಿನ್ನಮ್ಮನಿಗೆ ಹೇಳಿದ್ದೇನೆ: ಹಗಲು ಮಲಗಿದ ಹುಡುಗಿ ಸೋಮಾರಿಯಲ್ಲ, ಅವಳಿಗೆ ಅದೇ ರಾತ್ರಿ, ಪಾತ್ರೆ ತೊಳೆಯಲು ಎಬ್ಬಿಸಬೇಡ ಅಂತ. ನಿನ್ನ ತಮ್ಮನಿಗೆ ಕೈ ಇಲ್ಲವೇ?

ಊರವರ ಕಾಟವೂ ಒಂದಿದೆ. ಬೀದಿಯಲ್ಲಿ ಒಬ್ಬಳು ನರ್ಸ್ ಆದರೆ ಅವಳ ಆಫ್ ದಿನ ಬೀದಿಯ ಕ್ಲಿನಿಕ್ಕು. ಬಿ.ಪಿ. ನೋಡು, ಶುಗರ್ ನೋಡು, ಈ ಇಂಜೆಕ್ಷನ್ ಒಂದು ಚುಚ್ಚಿಬಿಡು, ಈ ಮಾತ್ರೆ ಯಾತಕ್ಕೆ ಹೇಳು. ನನ್ನ ಬಾಗಿಲು ಬಡಿದವರಿಗೆ ಲೆಕ್ಕವಿಲ್ಲ. ಈಗ ನಾನೂ ನಿನಗೆ ಮಂಡಿನೋವಿನ ಮಾತ್ರೆ ತರಲು ಹೇಳುವವಳೇ. ಇನ್ನು ಮೇಲೆ ನನ್ನನ್ನೂ ಸೇರಿಸಿ ಎಲ್ಲರಿಗೂ "ಈ ಹೊತ್ತು ಆಗುವುದಿಲ್ಲ" ಅನ್ನು. ಡಾಕ್ಟರ ಚೀಟಿ ಇಲ್ಲದೆ ಯಾರಿಗೂ ಸೂಜಿ ಚುಚ್ಚಬೇಡ, ಅದು ಬೇರೆ ತಾಪತ್ರಯ.

ಭಾಷೆಯ ವಿಷಯದಲ್ಲೂ ಹುಷಾರು. ಈ ಊರಿನಲ್ಲಿ ಬೆಳೆದ ನಮಗೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ನಾಲಿಗೆಯ ಮೇಲೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅದು ಚಿನ್ನದಂಥ ಗುಣ. ಹಾಗೆಂದೇ ಬೇರೆ ವಾರ್ಡುಗಳಿಂದಲೂ ಕರೆ ಬರುತ್ತದೆ: ಆ ತಮಿಳು ಅಜ್ಜನಿಗೆ ಆಪರೇಷನ್ ವಿಷಯ ಹೇಳು, ಈ ತೆಲುಗು ಮನೆಯವರಿಗೆ ಕೇಸ್ ಹೋಯಿತೆಂದು ತಿಳಿಸು. ಸಾವಿನ ಸುದ್ದಿ ಹೇಳುವುದು ಡಾಕ್ಟರ ಕೆಲಸ. ನೀನು ಪಕ್ಕದಲ್ಲಿ ನಿಂತು ಭಾಷೆ ದಾಟಿಸಬಹುದು, ಒಬ್ಬಳೇ ಹೋಗಿ ಆ ಮಾತು ಹೊತ್ತುಕೊಳ್ಳಬೇಡ.

ನಾನು ಇಷ್ಟು ಹೊತ್ತು ನೀನು ಮಾಡಬೇಕಾದ್ದನ್ನೇ ಹೇಳಿದೆ. ಅಲ್ಲಿಗೇ ನಿಲ್ಲಿಸಿದರೆ ನಾನೂ ಆಸ್ಪತ್ರೆ ಮ್ಯಾನೇಜ್‌ಮೆಂಟಿನವರ ಹಾಗೇ ಆಗುತ್ತೇನೆ. ಅವರು ಮೇ 12ರ ನರ್ಸುಗಳ ದಿನಕ್ಕೆ ಕೇಕ್ ಕತ್ತರಿಸಿ, ಕೈಗೊಂದು ಮೋಂಬತ್ತಿ ಕೊಟ್ಟು, ಒಂದು ಗಂಟೆ ಯೋಗ ಮಾಡಿಸಿ, ಮರುದಿನ ಇಬ್ಬರ ಕೆಲಸವನ್ನು ಒಬ್ಬಳಿಗೆ ಹಚ್ಚುತ್ತಾರೆ. ಯೋಗ ಒಳ್ಳೆಯದೇ. ವಾರ್ಡಿನಲ್ಲಿ ಜನ ಕಡಿಮೆ ಇದ್ದರೆ ಯೋಗ ಜನರನ್ನು ಹುಟ್ಟಿಸುವುದಿಲ್ಲ.

2002ರಲ್ಲಿ ಲಿಂಡಾ ಏಕನ್ ಎಂಬ ಅಮೆರಿಕದ ನರ್ಸ್ ಮತ್ತು ಅವಳ ತಂಡದವರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ಹಿಡಿದರು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಅವಳು ಬರ್ನ್‌ಔಟ್ ಆಗುವ ಸಂಭವ ಶೇ. 23ರಷ್ಟು ಏರುತ್ತಿತ್ತು. ಅಷ್ಟೇ ಅಲ್ಲ, ಆಪರೇಷನ್ ಆದ ರೋಗಿ ತಿಂಗಳೊಳಗೆ ಸಾಯುವ ಸಂಭವವೂ ಶೇ. 7ರಷ್ಟು ಏರುತ್ತಿತ್ತು. ಈ ಎರಡನೆಯ ಅಂಕಿಯನ್ನು ನೆನಪಿಟ್ಟುಕೋ. "ನಿಮಗೆ ಸುಖ ಬೇಕು" ಎಂದು ಯಾರಾದರೂ ಮೂದಲಿಸಿದರೆ ಅವರ ಮುಂದೆ ಇಡಬೇಕಾದದ್ದು ಅದು. ನಮ್ಮ ದೇಶದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್ಟಿನ ಹಳೆಯ ಪ್ರಮಾಣವೇ ಜನರಲ್ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್, ಐ.ಸಿ.ಯು.ನಲ್ಲಿ ಒಂದಕ್ಕೆ ಒಬ್ಬರು. ನಿನ್ನ ವಾರ್ಡಿನಲ್ಲಿ ಹೇಗಿದೆ ಎಂದು ನಾನು ಕೇಳುವುದಿಲ್ಲ, ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ.

ಒಬ್ಬಳೇ ಹೋಗಿ ಜಗಳ ಆಡು ಅನ್ನುತ್ತಿಲ್ಲ. ಪ್ರತಿ ಶಿಫ್ಟಿಗೆ ಎಷ್ಟು ರೋಗಿಗಳು, ಎಷ್ಟು ನರ್ಸುಗಳು, ಎಷ್ಟು ಡಬಲ್ ಡ್ಯೂಟಿ, ಊಟಕ್ಕೆ ಎಷ್ಟು ಹೊತ್ತಿಗೆ ಹೋದೆ, ಇಷ್ಟನ್ನು ನಿನ್ನ ಪುಸ್ತಕದಲ್ಲಿ ತಾರೀಖು ಹಾಕಿ ಬರೆ. ರೋಗಿಯ ಹೆಸರು ಬರೆಯಬೇಡ. ತಿಂಗಳಾದ ಮೇಲೆ ನಾಲ್ಕೈದು ಜನ ಸೇರಿ ಅದನ್ನು ಹಿಡಿದು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. "ಆಗುತ್ತಿಲ್ಲ ಮೇಡಂ" ಅಂದರೆ ಅದು ಅಳು. ತಾರೀಖು, ಸಂಖ್ಯೆ ಇಟ್ಟರೆ ಅದು ದಾಖಲೆ. ಗಣಿಯ ಧೂಳಿನ ಮಾತಿಗೂ ಲೆಕ್ಕವೇ ಬಲ ಕೊಟ್ಟದ್ದು. ಸತತವಾಗಿ ಎಷ್ಟು ನೈಟ್ ಹಾಕುತ್ತಾರೆ, ನೈಟ್ ಮುಗಿದ ದಿನವನ್ನೇ ಆಫ್ ಎಂದು ಎಣಿಸುತ್ತಾರಾ, ಅದನ್ನೂ ಕೇಳಿ. ಬೆಳಿಗ್ಗೆ ಎಂಟಕ್ಕೆ ಮನೆಗೆ ಹೋಗುವವಳಿಗೆ ಆ ದಿನ ಆಫ್ ಅನ್ನುವುದು ಎಂಥ ಗಣಿತವೋ.

ಸಂಬಳದ ಮಾತೂ ಇದರೊಳಗಿನದೇ. ಅಮ್ಮನ ಸರ ಅಡ ಇಟ್ಟು ಫೀಸು ಕಟ್ಟಿದ ಮನೆ ನಿಮ್ಮದು; ಚಿನ್ನ ತೆಗೆದ ಊರಿನಲ್ಲಿ ಒಡವೆ ಅಂಗಡಿಗಿಂತ ಗಿರವಿ ಅಂಗಡಿಯಲ್ಲೇ ಹೆಚ್ಚು ಚಿನ್ನ ಇರಬೇಕು ಅನ್ನಿಸುತ್ತದೆ ನನಗೆ. ಆ ಸಾಲದ ಭಯಕ್ಕೆ ಎಷ್ಟೋ ಹುಡುಗಿಯರು ಎಷ್ಟು ಕೊಟ್ಟರೂ ಸರಿ, ಎಷ್ಟು ದುಡಿಸಿಕೊಂಡರೂ ಸರಿ ಎಂದು ಬಾಯಿ ಮುಚ್ಚುತ್ತಾರೆ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ ಕೇಂದ್ರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆ ನರ್ಸುಗಳ ಸಂಬಳದ ಬಗ್ಗೆ ಶಿಫಾರಸು ಮಾಡಿದೆ: 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆಯಾದರೆ ಸರ್ಕಾರಿ ನರ್ಸಿನ ಸಮ; 100ರಿಂದ 200 ಹಾಸಿಗೆಯಾದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು. 50ರಿಂದ 100ಕ್ಕೆ ಶೇ. 25, ಅದಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಶಿಫಾರಸು ಶಿಫಾರಸೇ, ಎಲ್ಲ ಕಡೆ ಜಾರಿಯಾಗಿಲ್ಲ. ಆದರೆ ಕೇಳುವಾಗ ಕೈಯಲ್ಲಿ ಒಂದು ಅಳತೆಗೋಲು ಇರಲಿ. ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ಯಾರ ಕೈಗೂ ಬಿಟ್ಟು ಬರಬೇಡ. ತೋರಿಸು, ಜೆರಾಕ್ಸ್ ಕೊಡು, ವಾಪಸ್ ತಗೋ. ಬಾಂಡ್ ಕಾಗದಕ್ಕೆ ಸಹಿ ಹಾಕುವ ಮುಂಚೆ ನನಗೆ ತೋರಿಸು.

ಅಟೆಂಡರ್ ಕೈ ಎತ್ತಿದರೆ, ಕೆಟ್ಟ ಮಾತು ಬೈದರೆ "ಇದೆಲ್ಲ ಡ್ಯೂಟಿಯಲ್ಲಿ ಇದ್ದದ್ದೇ" ಅನ್ನಬೇಡ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ, ನರ್ಸುಗಳೂ ಅದರೊಳಗೆ ಬರುತ್ತಾರೆ. ಜೊತೆಗೆ ಕೆಲಸ ಮಾಡುವವರೇ, ಅವರು ಎಷ್ಟು ದೊಡ್ಡ ಡಾಕ್ಟರೇ ಆಗಲಿ, ಮೈ ಕೈ ಮುಟ್ಟಿದರೆ ದೂರು ಕೊಡು; 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರ್ಯಾರಿದ್ದಾರೆ ಎಂದು ಇವತ್ತೇ ತಿಳಿದುಕೋ, ಬೇಕಾಗುವವರೆಗೆ ಕಾಯಬೇಡ.

ಮೊದಲ ಸಾವಿನ ಬಗ್ಗೆ ನೀನು ಯಾರಿಗೂ ಹೇಳಿಲ್ಲ ಅಂತ ನನಗೆ ಅನುಮಾನ. ಗಣಿಯೊಳಗೆ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಅಲುಗುತ್ತಿದ್ದವು, ಸ್ವಲ್ಪ ಹೊತ್ತಿಗೆ ಸ್ಟ್ರೆಚರ್‌ಗಳು ಬರುತ್ತಿದ್ದವು. ಹಾಗೆ ಒಂದು ರಾತ್ರಿ ಕಳೆದ ಮೇಲೆ ನಮ್ಮ ಮೇಟ್ರನ್ ಯಾರನ್ನೂ ನೇರ ಮನೆಗೆ ಕಳಿಸುತ್ತಿರಲಿಲ್ಲ. ಡ್ಯೂಟಿ ರೂಮಿನಲ್ಲಿ ಕೂರಿಸಿ, ಟೀ ಬನ್ನು ಕೊಡಿಸಿ, ಒಬ್ಬೊಬ್ಬರೂ ಏನು ನೋಡಿದಿರಿ, ಏನು ಮಾಡಿದಿರಿ ಹೇಳಿ ಅನ್ನುತ್ತಿದ್ದರು. ಅಳುವವರು ಅಳುತ್ತಿದ್ದೆವು. ಅದಕ್ಕೆ ಒಂದು ಶಾಸ್ತ್ರ ಇದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಈಗ ಎಷ್ಟೋ ಆಸ್ಪತ್ರೆಗಳು ಅದನ್ನೇ ನಿಯಮ ಮಾಡಿಕೊಂಡಿವೆ. ಆ ಕಾಲವೇ ಸ್ವರ್ಗವಾಗಿತ್ತು ಅನ್ನುವವಳಲ್ಲ ನಾನು. ಆಗಲೂ ಬೈಗುಳ ಇತ್ತು, ಮೇಲುಕೀಳು ಇತ್ತು. ಆದರೆ ಕ್ವಾರ್ಟರ್ಸ್ ಐದು ನಿಮಿಷದ ದಾರಿ, ಅಕ್ಕಪಕ್ಕ ಎಲ್ಲ ಆಸ್ಪತ್ರೆಯವರೇ. ರಾತ್ರಿ ನಡೆದದ್ದನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ಹೇಳಿಕೊಳ್ಳಲು ಒಬ್ಬರು ಸಿಗುತ್ತಿದ್ದರು. ನಿನಗೆ ಸಿಗುವುದು ಇಯರ್‌ಫೋನ್ ಹಾಕಿಕೊಂಡ ಬೋಗಿ. ನಿಮ್ಮ ವಾರ್ಡಿನಲ್ಲಿ ಆ ಮೇಟ್ರನ್ ಇಲ್ಲದಿದ್ದರೆ ನೀವೇ ಇಬ್ಬರು ಮೂವರು ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ಮಾತಾಡಿಕೊಂಡು ಹೊರಡಿ. ನಿಮ್ಮ ಜೊತೆಯ ಬ್ರದರ್‌ಗಳನ್ನೂ ಕರೆಯಿರಿ. ಗಂಡುಹುಡುಗರು ಅಳುವಂತಿಲ್ಲ ಎಂದು ಅವರು ಇನ್ನೂ ಒಳಗೇ ನುಂಗುತ್ತಾರೆ.

ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಿದ್ದೆ ಬರುವುದಿಲ್ಲ ಎಂದು ವಾರ್ಡಿನ ಕಪಾಟಿನಿಂದ ಅಲ್ಪ್ರಜೋಲಾಮ್ ತೆಗೆದು ನುಂಗಬೇಡ, ಒಂದೇ ಒಂದು ಅಂತಲೂ ಬೇಡ. ಕೈಗೆ ಸಿಗುವುದೇ ನಮ್ಮ ಕೆಲಸದ ಅಪಾಯ. ನಮಗೆ ಡೋಸ್ ಗೊತ್ತು ಅನ್ನುವುದು ಅದರ ಮೇಲಿನ ಅಪಾಯ. ಯಾವುದರಲ್ಲೂ ಆಸೆ ಇಲ್ಲ, ಊಟ ಸೇರುವುದಿಲ್ಲ, ಆಫ್ ದಿನವೂ ಅಳು ಬರುತ್ತದೆ, ಬದುಕೇ ಸಾಕು ಅನ್ನಿಸುತ್ತದೆ ಅಂದರೆ ಅದು ಬರ್ನ್‌ಔಟ್ ದಾಟಿ ಖಿನ್ನತೆಯ ಕಡೆ ಹೋಗಿರಬಹುದು. ಅದಕ್ಕೆ ಡಾಕ್ಟರು ಬೇಕು, ನನ್ನ ಪತ್ರ ಸಾಲದು. 14416ಕ್ಕೆ ಫೋನ್ ಮಾಡು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಅದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಮದುವೆಗೆ ತೊಂದರೆ ಎಂದು ನಿನ್ನಮ್ಮ ಹೆದರಿದರೆ ಅವಳಿಗೆ ಹೇಳದೆ ನನಗೆ ಹೇಳು, ಜೊತೆಗೆ ನಾನು ಬರುತ್ತೇನೆ.

ಗಲ್ಫ್, ಜರ್ಮನಿ, ಇಂಗ್ಲೆಂಡ್ ಎಂದು ನಿನ್ನ ಸ್ನೇಹಿತೆಯರು ಹೊರಡುತ್ತಿದ್ದಾರೆ. ಹೋಗಬೇಕು ಅನ್ನಿಸಿದರೆ ಹೋಗು, ನಾನು ತಡೆಯುವವಳಲ್ಲ. ಆದರೆ ಇಲ್ಲಿಂದ ತಪ್ಪಿಸಿಕೊಳ್ಳಲು ಹೋಗಬೇಡ. ಬಳಲಿದ ಮೈಯಲ್ಲಿ ಹೊಸ ಭಾಷೆ, ಹೊಸ ಚಳಿ, ಏಜೆಂಟನ ಸಾಲ ಮೂರನ್ನೂ ಹೊರುವುದು ಕಷ್ಟ. ಮೊದಲು ನಿದ್ದೆ ಸರಿಮಾಡಿಕೋ, ಆಮೇಲೆ ಪಾಸ್‌ಪೋರ್ಟ್.

ಇಷ್ಟೆಲ್ಲ ಮಾಡಿ, ಲೆಕ್ಕ ತೋರಿಸಿ, ವಾರ್ಡ್ ಬದಲಾಯಿಸಿ ಎಂದು ಬರವಣಿಗೆಯಲ್ಲಿ ಕೇಳಿ, ಮೂರು ತಿಂಗಳಾದರೂ ಏನೂ ಅಲುಗದಿದ್ದರೆ ಆ ಆಸ್ಪತ್ರೆ ಬಿಡು. ನರ್ಸಿಂಗ್ ಬಿಡಬೇಕಿಲ್ಲ, ಆಸ್ಪತ್ರೆ ಬಿಡು. ಈ ಎರಡನ್ನೂ ಒಂದೇ ಎಂದುಕೊಂಡು ಎಷ್ಟು ಒಳ್ಳೆಯ ಹುಡುಗಿಯರು ಮೊಬೈಲ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಾರೆ. ಡಯಾಲಿಸಿಸ್ ಇದೆ, ಸಮುದಾಯ ಆರೋಗ್ಯ ಇದೆ, ಶಾಲೆ, ಫ್ಯಾಕ್ಟರಿಗಳ ಆರೋಗ್ಯ ಕೇಂದ್ರ ಇದೆ, ಪಾಠ ಹೇಳುವುದಿದೆ. ಆದರೆ ಸಿಟ್ಟಿನಲ್ಲಿ ಬ್ಯಾಗು ಎತ್ತಿಕೊಂಡು ಬಂದುಬಿಡಬೇಡ. ನೇಮಕದ ಕಾಗದದಲ್ಲಿ ನೋಟಿಸ್ ಎಷ್ಟು ದಿನ ಇದೆಯೋ ಅಷ್ಟಕ್ಕೆ ಮುಂಚೆ ರಾಜೀನಾಮೆ ಬರೆದು, ಕೊಟ್ಟದ್ದಕ್ಕೆ ಸಹಿ ಮಾಡಿಸಿದ ಪ್ರತಿ ಇಟ್ಟುಕೋ. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟಿನಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಯಾವ ವಾರ್ಡು ಎಂದು ಸ್ಪಷ್ಟವಾಗಿ ಬರೆಸಿಕೋ. ಪಿ.ಎಫ್. ನಂಬರು ಬರೆದುಕೋ, ಕೊನೆಯ ತಿಂಗಳ ಸಂಬಳ ಖಾತೆಗೆ ಬಂತಾ ನೋಡು. ಅದೆಲ್ಲ ಆದ ಮೇಲೆ ಹೊಸ ಕೆಲಸಕ್ಕೆ ಸೇರುವ ಮುಂಚೆ ಹದಿನೈದು ದಿನ ಮನೆಯಲ್ಲಿರು. ಹಗಲೆಲ್ಲ ಮಲಗು, ಸಂಜೆ ನಮ್ಮ ಮನೆಗೆ ಬಂದು ಟಿ.ವಿ. ನೋಡು. ಬಿ.ಪಿ. ಮೆಷೀನ್ ಮಾತ್ರ ತರಬೇಡ.